ಗಾಳಿ ಬಿಡುವ ಕೋಣೆ

ದಾನದ ಆಕಳ ಹಲ್ಲು ಎಣಿಸಬಾರದಂತೆ. ನಾನು ಎಣಿಸಿದ್ದೇನೆ, ಒಂದೂ ಗಟ್ಟಿ ಇರಲಿಲ್ಲ. ಆಕಳೆಂದರೆ ಒಂದು ಬಸ್ಸು. ಎಂಬತ್ತರ ದಶಕದ ನಡುವೆ ಪರದೇಶದ ಯಾರೋ ಪುಣ್ಯಾತ್ಮರು ನಮ್ಮ ಕಡೆಯ ಒಂದು ಧರ್ಮಸಂಸ್ಥೆಗೆ ಕೊಟ್ಟ ಕಣ್ಣಿನ ಆಪರೇಷನ್ ಬಸ್ಸು. ನಾನಾಗ ಹುಬ್ಬಳ್ಳಿಯ ಕಣ್ಣಿನ ವಾರ್ಡಿನಲ್ಲಿ ನರ್ಸ್. ವಯಸ್ಸು ಇಪ್ಪತ್ತಾರು, ಮೂಗಿನ ತುದಿಯಲ್ಲಿ ಸಿಟ್ಟು. ಒಂದು ತಿಂಗಳ ಮಟ್ಟಿಗೆ ನನ್ನನ್ನು ಆ ಬಸ್ಸಿನ ಜೊತೆ ಹಳ್ಳಿ ತಿರುಗಲು ಕಳಿಸಿದ್ದರು.

ಅದಕ್ಕಿಂತ ಮುಂಚೆ ನಾವು ಹಳ್ಳಿಗಳಲ್ಲಿ ಶಿಬಿರ ಮಾಡಿರಲಿಲ್ಲವೇ? ಮಾಡಿದ್ದೆವು. ಸಾಲಿಯ ಒಂದು ಕೋಣೆ ತೆಗೆದುಕೊಂಡು, ಬೆಂಚು ಹೊರಗೆ ಹಾಕಿ, ನೆಲ ಗೋಡೆ ಎಲ್ಲ ಫಿನಾಯಿಲಿನಲ್ಲಿ ತಿಕ್ಕಿ, ಕಿಡಕಿಗಳಿಗೆ ಒದ್ದೆ ಚಾದರ ಕಟ್ಟಿದರೆ ಮುಗಿಯಿತು. ಆ ಕೋಣೆಗಳಲ್ಲಿ ಕೊಯ್ದ ಕಣ್ಣುಗಳು ಈಗಲೂ ಜೋಳದ ಕಾಳಿನಲ್ಲಿಯ ಹರಳು ಆರಿಸುತ್ತಿವೆ. ಆದರೆ ಒದ್ದೆ ಚಾದರದ ಫೋಟೋ ತೆಗೆದು ಪರದೇಶಕ್ಕೆ ಕಳಿಸಿದರೆ ಯಾರು ಮೆಚ್ಚುತ್ತಾರೆ? ಆದ್ದರಿಂದ ಬಸ್ಸು.

ಅದರ ದೊಡ್ಡಸ್ತಿಕೆ ಇದ್ದದ್ದು ಅದರ ಒಂದು ಬಾಜುವಿನಲ್ಲಿ. ಗುಂಡಿ ಒತ್ತಿದರೆ ಬಸ್ಸಿನ ಹೊಟ್ಟೆಯಿಂದ ಇಡೀ ಒಂದು ಕೋಣೆ, ಮೇಜಿನ ಖಾನೆ ಎಳೆದ ಹಾಗೆ ಹೊರಗೆ ಸರಿದು ಬರುತ್ತಿತ್ತು. ಅದರೊಳಗೆ ಆಪರೇಷನ್ ಟೇಬಲ್ಲು, ದೀಪ, ತೊಳೆಯುವ ತೊಟ್ಟಿ. ಹೊರಗೆ ಸರಿದ ಕೋಣೆಗೂ ಬಸ್ಸಿನ ಗೋಡೆಗೂ ನಡುವೆ ಸುತ್ತಲೂ ಎರಡು ಬೆರಳಿನ ಸಂದು. ಆ ಸಂದು ಮುಚ್ಚಲು ಕರಿ ರಬ್ಬರಿನ ಒಂದು ಟ್ಯೂಬು. ಪಂಪಿನಿಂದ ಗಾಳಿ ತುಂಬಿದರೆ ಅದು ಉಬ್ಬಿ ಸಂದನ್ನು ಅದುಮಿ ಹಿಡಿಯಬೇಕು, ಹೊರಗಿನ ಧೂಳು ಒಳಗೆ ಬರಬಾರದು. ಇದಕ್ಕೆ ಇಂಗ್ಲಿಷಿನಲ್ಲಿ ಎಷ್ಟುದ್ದದ ಹೆಸರೋ ಇತ್ತು. ನನ್ನ ಕಣ್ಣಿಗೆ ಅದು ಕೋಣೆಗೆ ಸುತ್ತಿದ ಸೈಕಲ್ ಟ್ಯೂಬು.

ಬಸ್ಸಿಗೊಬ್ಬ ಮ್ಯಾನೇಜರ್ ಇದ್ದರು. ಅವರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು, ಅವರೂ ತಮ್ಮನ್ನು ಹಾಗೇ ಅಂದುಕೊಳ್ಳುತ್ತಿದ್ದರು. ಬೂದಿ ಬಣ್ಣದ ಸಫಾರಿ, ಕಿಸೆಯಲ್ಲಿ ಮೂರು ಪೆನ್ನು, ಕಂಕುಳಲ್ಲಿ ಬಸ್ಸಿನ ಜೊತೆ ಬಂದ ಚಿತ್ರದ ಪುಸ್ತಕ. ಮೂರು ಪೆನ್ನಿನಲ್ಲಿ ಒಂದೂ ಬರೆದದ್ದನ್ನು ನಾನು ಆ ಶುಕ್ರವಾರದವರೆಗೆ ನೋಡಲಿಲ್ಲ.

ಸೋಮವಾರ ಕುಂದಗೋಳದ ಹೊರಗೆ ಒಂದು ಬಯಲಿನಲ್ಲಿ ಬಸ್ಸು ನಿಂತಿತು. ಜೋಳದ ಸುಗ್ಗಿ ಮುಗಿದು ಹೊಲಗಳು ಬರಿದಾಗಿದ್ದ ದಿನಗಳು. ಬಿಸಿಲಿಗೆ ಒಡೆದ ಎರೆಮಣ್ಣು ಹಿಟ್ಟಿನ ಹಾಗೆ ಏಳುತ್ತಿತ್ತು. ಪೊರೆ ಬಂದ ಹದಿನೈದು ಜನರ ಹೆಸರು ಬರೆದುಕೊಂಡೆವು. ಪಟ್ಟಿಯಲ್ಲಿ ಮೊದಲ ಹೆಸರು ಕುಬಿಹಾಳದಿಂದ ಬಂದ ಒಬ್ಬ ಹೆಂಗಸಿನದು. ಐವತ್ತರ ಆಸುಪಾಸು, ಗಂಡ ಇಲ್ಲ, ಮನೆಮನೆಯ ಹಳೇ ಸೀರೆ ತಂದು ಕೌದಿ ಹೊಲಿದುಕೊಡುವುದು ಆಕೆಯ ಉದ್ಯೋಗ. ಒಂದು ಕಣ್ಣು ಎಳೆತನದಲ್ಲೇ ಜೋಳದ ಕೂಳೆ ಚುಚ್ಚಿ ಹೋಗಿತ್ತು. ಉಳಿದ ಕಣ್ಣಿನಲ್ಲಿ ಪೊರೆ ಪೂರಾ ಬೆಳ್ಳಗಾಗಿತ್ತು.

ನಮ್ಮ ಜೊತೆ ಬಂದಿದ್ದ ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಅಗದಿ ಹಣ್ಣಾಗೇತಿ. ಈ ವಾರ ತಗೀಲಿಕ್ಕೇಬೇಕು. ಬಿಟ್ರ ಒಳಗ ಒಡೀತೈತಿ, ಆಮ್ಯಾಲ ಯಾರಿಗೂ ಏನೂ ಮಾಡಾಕ ಬರೂದಿಲ್ಲ," ಅಂದರು. ಆಕೆಗೂ ಕೇಳಿಸುವ ಹಾಗೆ ಅಂದರು.

"ಹುಬ್ಬಳ್ಳಿಗೆ ಯಾಕ ಹೋಗಲಿಲ್ಲ ಬೇ ಇಷ್ಟು ದಿನಾ?" ಅಂತ ನಾನು ಗದರಿದೆ.

"ಕರಕೊಂಡು ಹೋಗವ್ರು ಯಾರ ಅದಾರ್ರಿ ಬಾಯಾರ? ಇಲ್ಲಿಗಾದ್ರ ಮಂದಿ ಕೈ ಹಿಡಕೊಂಡು ಬಂದ್ನಿ."

ನಮ್ಮ ಕಡೆ ನರ್ಸಿಗೂ ಮಾಸ್ತರಣಿಗೂ ಬಾಯಾರು ಅನ್ನುತ್ತಾರೆ. ಬರುವಾಗ ಆಕೆ ನೆರೆಮನೆಯವಳಿಂದ ಹತ್ತು ಸೂಜಿಗೆ ದಾರ ಪೋಣಿಸಿಕೊಂಡು ಸೆರಗಿಗೆ ಚುಚ್ಚಿಕೊಂಡು ಬಂದಿದ್ದಳು. ಪೋಣಿಸುವುದಷ್ಟೇ ಆಗುತ್ತಿರಲಿಲ್ಲ, ಹೊಲಿಯಲು ಬೆರಳು ಸಾಕಿತ್ತು. ಬಸ್ಸಿನ ಹೊರಕೋಣೆಯ ಕೆಳಗಿನ ನೆರಳಿನಲ್ಲಿ ಕೂತು, ಪಾಳಿ ಬರುವ ತನಕ ಒಂದು ಕೌದಿಯ ಅಂಚು ಹೊಲಿಯತೊಡಗಿದಳು.

ಮಂಗಳವಾರ ಬೆಳಗ್ಗೆ ನಾನು ಕೋಣೆಯ ಒಳಗೆ ಹೋಗಿ ಟೇಬಲ್ಲಿನ ಮೇಲೆ ಬೆರಳು ಎಳೆದೆ. ಬೆರಳು ಕರ್ರಗಾಯಿತು. ಟ್ಯೂಬು ಸೊರಗಿ ಜೋತು ಬಿದ್ದಿತ್ತು, ಮೂಲೆಯಲ್ಲೆಲ್ಲೋ ಸುಯ್ ಅನ್ನುತ್ತಿತ್ತು. ಡಾಕ್ಟರು ಬಾಗಿಲಲ್ಲೇ ನಿಂತು, "ಈ ಧೂಳಿನ್ಯಾಗ ನಾ ಕಣ್ಣು ಕೊಯ್ಯೂದಿಲ್ಲ. ಸಾಲ್ಯಾಗ ಒಂದು ಕ್ವಾಣಿ ಕೇಳ್ರಿ," ಅಂದರು.

ಸಾಹೇಬರು ಒಪ್ಪಲಿಲ್ಲ. ಬಸ್ಸು ಬಂದದ್ದೇ ಬಸ್ಸಿನಲ್ಲಿ ಮಾಡಲಿಕ್ಕೆ ಅಂದರು. ಮೇಲಿನವರಿಗೆ ಫೋಟೋ ಹೋಗಬೇಕು ಅಂದರು. ಆಮೇಲೆ ನೆಲವನ್ನು ಕಾಲಿನಿಂದ ಒದ್ದು, "ಈ ಎರಿಭೂಮಿನ ಸರಿ ಇಲ್ರಿ. ಗಾಡಿ ಸೊಟ್ಟ ನಿಂತೈತಿ, ಅದಕ್ಕ ಹಿಂಗಾಗೇತಿ," ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಡಿ ಸೊಟ್ಟ ನಿಂತರೆ ಕೋಣೆ ಸೊಟ್ಟ ಕೂತೀತು, ಟ್ಯೂಬಿನ ಗಾಳಿ ಯಾಕೆ ಹೋದೀತು ಅಂತ ನಾನು ಕೇಳಿದ್ದಕ್ಕೆ ಅವರು ಚಿತ್ರದ ಪುಸ್ತಕ ತೆರೆದರು.

ಪುಸ್ತಕದಲ್ಲಿ ಹೊಗೆ ಹಿಡಿದು ಸಂದು ಹುಡುಕುವ ಚಿತ್ರವಿತ್ತು. ಗಾಳಿ ನುಸುಳುವ ಕಡೆ ಹೊಗೆ ಓಲಾಡುತ್ತದೆ, ಅಲ್ಲಿ ತೂತಿದೆ ಅಂತ ತಿಳಿಯಬೇಕು. ಉಪಾಯವೇನೋ ಸರಿಯಾದದ್ದೇ. ಹೊಗೆಗೆ ಬೇರೇನೂ ಸಿಗದೆ ಸಾಹೇಬರು ಅಂಗಡಿಯಿಂದ ಊದಿನಕಡ್ಡಿಯ ಕಟ್ಟು ತರಿಸಿದರು. ಐದು ಕಡ್ಡಿ ಒಟ್ಟಿಗೆ ಹಚ್ಚಿಕೊಂಡು, ಬೂಟು ಕಳಚಿ ಸ್ಟೂಲ್ ಹತ್ತಿ, ಕೋಣೆಯ ಅಂಚಿನುದ್ದಕ್ಕೂ ಮೆಲ್ಲಗೆ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಕೈಯಾಡಿಸಿದರು. ಬಯಲಿನಲ್ಲಿ ಬೀಸುವ ಗಾಳಿಗೆ ಹೊಗೆ ಎಲ್ಲ ಕಡೆಯೂ ಓಲಾಡಿತು. ಅವರ ಲೆಕ್ಕದಲ್ಲಿ ಇಡೀ ಬಸ್ಸೇ ತೂತು. ಕಾದು ಕೂತಿದ್ದ ರೋಗಿಗಳಲ್ಲಿ ಇಬ್ಬರು ಎದ್ದು ನಿಂತು ಕೈ ಮುಗಿದರು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಅವರು ಕೈ ಮುಗಿದದ್ದು ಯಾಕೆ ಅಂತ ಯೋಚಿಸುವ ವ್ಯವಧಾನ ನನಗಿರಲಿಲ್ಲ.

ಬುಧವಾರ ಅಂಟುಪಟ್ಟಿಯ ಸರದಿ. ನನ್ನ ಡಬ್ಬಿಯಲ್ಲಿದ್ದ ಗಾಯಕ್ಕೆ ಹಚ್ಚುವ ಪಟ್ಟಿಯನ್ನೆಲ್ಲ ಸಾಹೇಬರು ತೆಗೆದುಕೊಂಡು ಸಂದಿಗೆ ಅಂಟಿಸಿದರು. ಮಧ್ಯಾಹ್ನದ ಗಾಳಿಗೆ ಅವು ಒಂದೊಂದಾಗಿ ಬಿಚ್ಚಿ ಪಟಪಟ ಅಂದವು. ಪಟ್ಟಿಯೂ ಹೋಯಿತು, ದಿನವೂ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನಗೋ ಅವರ ಮುಖಕ್ಕೆ ಅನ್ನಲಾಗದ್ದನ್ನು ಯಾರ ಮುಖಕ್ಕಾದರೂ ಅನ್ನಬೇಕಿತ್ತು. ಆ ಹೊತ್ತಿಗೇ ಕೌದಿಯವ್ವ ಗೋಡೆ ತಡವಿಕೊಂಡು ಬಾಗಿಲಿಗೆ ಬಂದಳು.

"ಬಾಯಾರ, ನಿನ್ನೆನ ನನ್ನ ಪಾಳಿ ಅಂದಿದ್ರಿ. ಇವತ್ತೂ ಆಗೂದಿಲ್ಲೇನ್ರಿ?"

"ಗಾಳಿ ಬೇ, ಗಾಳಿ! ಕ್ವಾಣ್ಯಾಗ ಗಾಳಿ ಹೊಕ್ಕೈತಿ. ಅದು ಹೋಗೂತನಾ ನಿನ್ನ ಕಣ್ಣಿಗೆ ಯಾರೂ ಕೈ ಹಚ್ಚೂದಿಲ್ಲ."

ಆಕೆ ಕೇಳಿದಳು: "ಎಂಥಾ ಗಾಳಿರಿ?"

"ಹೊರಗಿನ ಗಾಳಿ! ಮತ್ತೆಂಥಾದ್ದು? ಹೋಗು, ಸುಮ್ಮನ ಕುಂದ್ರ ಹೋಗು."

ನಾನು ಅಣ್ಣಿಗೇರಿಯಲ್ಲಿ ಹುಟ್ಟಿ ಬೆಳೆದವಳು. ಸಣ್ಣವಳಿದ್ದಾಗ ಜ್ವರ ಬಂದು ಬಡಬಡಿಸಿದರೆ ನನ್ನ ಅಜ್ಜಿಯೇ, ಹುಡುಗಿಗೆ ಹೊರಗಿನ ಗಾಳಿ ಆಗೇತಿ ಅಂತ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಿದ್ದಳು. ಗಾಳಿ ಅಂದರೆ ನಮ್ಮ ಕಡೆ ಬರೀ ಬೀಸುವುದಷ್ಟೇ ಅಲ್ಲ, ಮೈಮೇಲೆ ಬರುವುದೂ ಗಾಳಿಯೇ. ಅದನ್ನು ಆ ಹೆಂಗಸಿಗಿಂತ ಚೆನ್ನಾಗಿ ಬಲ್ಲ ನನಗೆ ಆ ಕ್ಷಣ ಅದು ಹೊಳೆಯಲೇ ಇಲ್ಲ. ಹೊಳೆದಿದ್ದರೂ ಬಿಡಿಸಿ ಹೇಳುತ್ತಿದ್ದೆನೋ ಇಲ್ಲವೋ. ಬಿಳಿ ಸೀರೆ ಉಟ್ಟ ಮೇಲೆ ಹಳ್ಳಿಯವರಿಗೆ ಬಿಡಿಸಿ ಹೇಳುವುದು ನನ್ನ ಕೆಲಸವಲ್ಲ ಅಂತ ನಾನು ತಿಳಿದಿದ್ದ ಕಾಲ ಅದು.

ಗುರುವಾರ ಡಾಕ್ಟರಿಗೆ ತಾಳ್ಮೆ ತಪ್ಪಿತು. ಶನಿವಾರ ಬೆಳಗ್ಗೆ ಬಸ್ಸು ಮುಂದಿನ ತಾಲೂಕಿಗೆ ಹೋಗಬೇಕಿತ್ತು. ಅವರೇ ಹೋಗಿ ಬಸ್‌ಸ್ಟ್ಯಾಂಡಿನ ಪಕ್ಕದ ಪಂಚರ್ ಅಂಗಡಿಯ ಕಾಕಾನನ್ನು ಕರೆತಂದರು. ಅರವತ್ತು ದಾಟಿದ ಸಾಬರು, ಟೊಪ್ಪಿಗೆಯಡಿ ಬೆಳ್ಳಿಕೂದಲು, ಉಗುರಿನಲ್ಲಿ ನಲವತ್ತು ವರ್ಷದ ಕರಿ. ಸಾಹೇಬರಿಗೆ ಮೈಯೆಲ್ಲ ಉರಿಯಿತು. ಪರದೇಶದ ಮಾಲಿಗೆ ಸೈಕಲ್ಲಿನವನ ಕೈಯೇ ಅಂತ ಇಂಗ್ಲಿಷಿನಲ್ಲಿ ಗೊಣಗಿದರು. ಕಾಕಾ ಟ್ಯೂಬನ್ನು ಒಮ್ಮೆ ಹಿಚುಕಿ ನೋಡಿ, "ಒಂದು ಬಕೀಟು ನೀರು, ಒಂದು ತುಂಡು ಸಬಕಾರ ಕೊಡ್ರಿ," ಅಂದ.

"ಊದಿನಕಡ್ಡಿಲೆ ನೋಡೇವಿ ನಾವು," ಅಂದರು ಸಾಹೇಬರು.

"ಅದು ದೇವ್ರ ಮುಂದ ಹಚ್ಚೂದ್ರಿ. ತೂತು ನೋಡಾಕ ಸಬಕಾರನ ಬೇಕು. ಗಾಳಿ ಕಣ್ಣಿಗೆ ಕಾಣೂದಿಲ್ರಿ ಸಾಹೇಬ್ರ, ಗುಳ್ಳಿ ಕಾಣತೈತಿ."

ನೊರೆಯನ್ನು ಅರಿವೆಯಿಂದ ಟ್ಯೂಬಿನ ಮೇಲೆ ಸವರುತ್ತ ಹೋದ, ನಾನು ಪಂಪು ಒತ್ತುತ್ತ ಹೋದೆ. ಕೆಳಗಿನ ಮೂಲೆಯಲ್ಲಿ, ಟ್ಯೂಬಿನ ಎರಡು ತುದಿ ಕೂಡಿಸಿದ ಕಡೆ, ಒಂದು ಗುಳ್ಳೆ ಎದ್ದು ದೊಡ್ಡದಾಗಿ ಒಡೆಯಿತು. ಮತ್ತೊಂದು ಎದ್ದಿತು. ಬೇರೆಲ್ಲೂ ಇಲ್ಲ. ಇಷ್ಟೇ. ಒಂದು ಅಕ್ಕಿಕಾಳಿನಷ್ಟು ಸೀಳು ಮೂರು ದಿನ ಹದಿನೈದು ಜನರನ್ನು ಬಯಲಲ್ಲಿ ಕೂರಿಸಿತ್ತು. ಕಾಕಾ ಗಾಳಿ ಬಿಟ್ಟು, ರಬ್ಬರನ್ನು ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ ಆರಿಸಿ, ತ್ಯಾಪೆ ಕೂರಿಸಿ ಹೆಬ್ಬೆರಳಿನಿಂದ ಒತ್ತಿದ. ಅರ್ಧ ತಾಸಿನ ಕೆಲಸ.

"ಬೆಳಗ್ಗಿನತನಾ ಗಾಳಿ ಹಾಕಬ್ಯಾಡ್ರಿ, ಒಣಗಲಿ. ನಾಳೆ ಬಂದು ನಾನ ತುಂಬತೇನಿ," ಅಂದು ಹೋದ. ಟ್ಯೂಬು ಸಡಿಲಾಗಿ ಜೋತುಕೊಂಡೇ ಉಳಿಯಿತು. ಆ ಮಧ್ಯಾಹ್ನ ಕೌದಿಯವ್ವ ಯಾರದೋ ಕೈ ಹಿಡಿದುಕೊಂಡು ಎಲ್ಲಿಗೋ ಹೋಗಿ ಹೊತ್ತು ಮುಳುಗುವ ಮೊದಲು ತಿರುಗಿ ಬಂದದ್ದನ್ನು ನೋಡಿದೆ. ಬಂದವಳು ಹೊರಕೋಣೆಯ ಗೋಡೆಗೆ ಆತು ನಿಂತು ಹೊಲಿಗೆ ಹಿಡಿದಿದ್ದಳು. ನಿಂತು ಯಾಕೆ ಹೊಲಿಯುತ್ತಾಳೆ ಅಂತ ಒಂದು ಸಲ ಅನ್ನಿಸಿತು, ಮರೆತೆ.

ಶುಕ್ರವಾರ ಕಾಕಾ ಬಂದು ಪಂಪು ಒತ್ತಿದ. ತ್ಯಾಪೆ ಕಲ್ಲಿನ ಹಾಗೆ ಹಿಡಿದಿತ್ತು. ಆದರೆ ಟ್ಯೂಬು ಉಬ್ಬಲಿಲ್ಲ. ನಾಲ್ಕೂ ಮೂಲೆಯಿಂದ ಒಟ್ಟಿಗೆ ಸುಯ್ ಅಂದಿತು.

ಸಾಹೇಬರ ಮುಖ ಅರಳಿತು. ನಾಲ್ಕು ದಿನದಲ್ಲಿ ಅವರು ಖುಷಿಯಾದದ್ದು ಅದೇ ಮೊದಲು. "ಹೇಳಿದ್ನಿಲ್ಲ? ಸೈಕಲ್ ರಿಪೇರಿ ಮಾಡವ್ರನ್ನ ಕರಕೊಂಡು ಬಂದ್ರ ಇದ ಗತಿ."

ಕಾಕಾ ಬಕೀಟು ಹತ್ತಿರ ಎಳೆದುಕೊಂಡ. ನೊರೆ ಸವರಿದ. ಮೂಲೆಯಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಸಣ್ಣ ಗುಳ್ಳೆ ಎದ್ದವು, ಒಂದೇ ಅಳತೆಯ ಅಂತರ. ಆತ ಉಗುರಿನಿಂದ ಕೆದರಿ ಏನನ್ನೋ ಎಳೆದ. ಕರಿ ರಬ್ಬರಿನೊಳಗಿಂದ ಕರಿ ದಾರ ಬಂತು.

"ಇದು ತೂತಲ್ರಿ," ಅಂದ, ಬೆರಗಾಗಿ. "ಹೊಲಿಗಿ. ಏನ ಛಂದ ಹಾಕ್ಯಾರ್ರಿ, ನೋಡ್ರಿ."

"ಕೀಳಬ್ಯಾಡ್ರೋ ಯಪ್ಪಾ!" ಕೌದಿಯವ್ವ ಕೈ ಮುಂದೆ ಚಾಚಿಕೊಂಡು ಓಡಿ ಬಂದಳು. "ಅದು ಮಂತ್ರಿಸಿದ ದಾರ. ನಿನ್ನೆ ಗುರುವಾರ ದರ್ಗಾಕ್ಕ ಹೋಗಿ ತಂದೇನಿ. ನಾಕೂ ಮೂಲಿಗೆ ಕಟ್ಟೇನಿ. ಇನ್ನ ಕ್ವಾಣ್ಯಾಗ ಗಾಳಿ ಬರೂದಿಲ್ಲ. ಕೀಳಬ್ಯಾಡ್ರಿ, ನನಗ ಇರೂದ ಒಂದ ಕಣ್ಣು!"

ಗಾಳಿ ಓಡಿಸಲು ಕಟ್ಟಿದ ದಾರದಿಂದಲೇ ಗಾಳಿ ಹೋಗುತ್ತಿತ್ತು. ಕಾಕಾ ಮೆಲ್ಲಗೆ ಆಕೆಯ ಕೈ ಹಿಡಿದು ಟ್ಯೂಬಿನ ಮೇಲೆ ಇಟ್ಟು, "ಯವ್ವಾ, ಇದು ಗಾಳಿ ತುಂಬೂ ಟ್ಯೂಬ್. ಸೂಜಿ ಚುಚ್ಚಿದ್ರ ಗಾಳಿ ಹೊರಗ ಹೋಗತೈತಿ. ದೆವ್ವದ್ದಲ್ಲ, ಬರೇ ಗಾಳಿ," ಅಂದ. ಒಂದೇ ಮಾತು. ನನಗೂ ಆಡಲು ಬರುತ್ತಿದ್ದ ಮಾತು. ಆಕೆಯ ಬೆರಳುಗಳು ರಬ್ಬರಿನ ಮೇಲೆ ನಿಂತುಬಿಟ್ಟವು.

ಸಾಹೇಬರು ಕೂಗಿದರು: "ಯಾವಾಂವ ಹೇಳಿದಾ ನಿನಗ, ಬಸ್ಸಿನ್ಯಾಗ ಗಾಳಿ ಐತಿ ಅಂತ?"

ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಆಕೆ ಮುಖವನ್ನು ಸ್ವಲ್ಪವೇ ನನ್ನ ಕಡೆ ತಿರುಗಿಸಿದಳು, ನಾನೆಲ್ಲಿದ್ದೇನೆಂದು ಆಕೆಗೆ ಗೊತ್ತಿತ್ತು. ಆಮೇಲೆ ಸಾಹೇಬರ ಕಡೆ ತಿರುಗಿ ಅಂದಳು: "ಯಾರೂ ಹೇಳಿಲ್ರಿ. ನೀವ ಸುತ್ತಲೂ ಊದಿನಕಡ್ಡಿ ಬೆಳಗತಿದ್ರಲ್ರಿ ಸಾಹೇಬ್ರ. ವಾಸನಿ ಬಂತು. ನಾನ ತಿಳಕೊಂಡ್ನಿ."

ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಾಹೇಬರ ಕಿವಿ ಕೆಂಪಾಯಿತು. ಆಗ ಅವರ ಕಿಸೆಯಿಂದ ಪೆನ್ನು ಹೊರಬಂತು. ನನ್ನ ಕೈಯಲ್ಲಿದ್ದ ಪಟ್ಟಿಯನ್ನು ಕಸಿದು ಮೊದಲ ಹೆಸರಿನ ಮೇಲೆ ಎರಡು ಗೆರೆ ಎಳೆದು, ಬಸ್ಸು ಹಾಳು ಮಾಡಿದವರಿಗೆ ಬಸ್ಸಿನಲ್ಲಿ ಆಪರೇಷನ್ ಇಲ್ಲ ಅಂದರು. ಡಾಕ್ಟರು ಆಗ ಬಿಡಾರದಿಂದ ಇನ್ನೂ ಬಂದಿರಲಿಲ್ಲ. ನಾನು ಇದ್ದೆ. ಹೇಳಿದವಳು ನಾನು ಅನ್ನಲು ಒಂದು ಉಸಿರು ಸಾಕಿತ್ತು. ಆ ಮನುಷ್ಯನನ್ನು ನಾಲ್ಕು ದಿನ ಮನಸ್ಸಿನಲ್ಲೇ ಹುಳುವಿನ ಹಾಗೆ ಹೊಸಕಿದ್ದವಳು ನಾನು. ಅವರು ಮೇಲೆ ಬರೆದರೆ ನನ್ನ ಕೆಲಸಕ್ಕೆ ಕುತ್ತು ಅಂತ ಲೆಕ್ಕ ಹಾಕಿ, ಬಾಯಿ ಮುಚ್ಚಿಕೊಂಡು ಪಟ್ಟಿ ಹಿಂದಕ್ಕೆ ತೆಗೆದುಕೊಂಡೆ.

ಕೌದಿಯವ್ವ ಅಲ್ಲೇ ನಿಂತು ಕಾಕಾನಿಗೆ ಹೊಲಿಗೆ ತೋರಿಸಿದಳು. "ಇಲ್ಲಿ ನಾಕು. ಇಲ್ಲಿ ಐದು, ಒಂದು ಎರಡೆಳಿ ಹಾಕೇನಿ. ಮ್ಯಾಲಿನ ಮೂಲ್ಯಾಗ ಕೈ ಸರಿ ನಿಲುಕಲಿಲ್ಲ, ಎರಡ ಅದಾವು." ಒಂದನ್ನೂ ಬಿಡಲಿಲ್ಲ. ನೊರೆಗೂ ಸಿಗದಿದ್ದ ಎರಡನ್ನು ಆಕೆಯೇ ಹೇಳಿದಳು. ಒಣಗಿಸಲು ಸಮಯವಿಲ್ಲವೆಂದು ಕಾಕಾ ತ್ಯಾಪೆಗಳನ್ನು ಬಿಸಿಮಾಡಿ ಒತ್ತಿದ. ಹತ್ತು ಗಂಟೆಗೆ ಟ್ಯೂಬು ಉಬ್ಬಿ ನಿಂತಿತು. ಒಳಗೆ ನಾನು ಮತ್ತೆ ಬೆರಳು ಎಳೆದೆ, ಬೆರಳು ಬೆಳ್ಳಗಿತ್ತು.

ಅಂದು ಹದಿನಾಲ್ಕು ಕಣ್ಣಿನ ಪೊರೆ ತೆಗೆದೆವು. ಕೊನೆಯವನಿಗೆ ಪಟ್ಟಿ ಕಟ್ಟಿದಾಗ ನಾಲ್ಕು ದಾಟಿತ್ತು. ಡಾಕ್ಟರು ಗ್ಲೌಸು ಕಳಚುತ್ತ, "ಆ ಹಣ್ಣಾದ ಕಣ್ಣು ಎಲ್ಲಿ? ಮೊದಲನೇ ಹೆಸರು?" ಅಂದರು. ಆಗ ಹೇಳಿದೆ. ಎಲ್ಲ ಹೇಳಿದೆ, ಗಾಳಿ ಅಂದವಳು ನಾನೇ ಅಂತಲೂ. ಅವರು ನನ್ನನ್ನು ಒಂದು ನಿಮಿಷ ನೋಡಿ, "ಕರೀರಿ ಆಕೀನ್ನ," ಅಂದರು. ಹೊರಗೆ ಓಡಿದೆ. ನೆರಳಿನಲ್ಲಿ ಯಾರೂ ಇರಲಿಲ್ಲ. ಹೆಸರು ಹೊಡೆದುಹಾಕಿದ ಮೇಲೆ ಆಕೆ ಯಾಕೆ ಕೂತಾಳು? ಮಧ್ಯಾಹ್ನದ ಬಸ್ಸಿಗೆ ಹೋದಳೆಂದು ಯಾರೋ ಹೇಳಿದರು.

ಶನಿವಾರ ಬಸ್ಸೂ ಡಾಕ್ಟರೂ ಹೋದರು. ರೋಗಿಗಳ ಕಣ್ಣಿನ ಪಟ್ಟಿ ಬಿಚ್ಚಲು ನಾನೊಬ್ಬಳೇ ಒಂದು ವಾರ ಕುಂದಗೋಳದಲ್ಲಿ ಉಳಿದೆ. ಕುಬಿಹಾಳಕ್ಕೆ ಹೋಗಿ ಬರಲು ಒಂದು ಮಧ್ಯಾಹ್ನ ಸಾಕಿತ್ತು, ಏಳು ಮಧ್ಯಾಹ್ನ ಇದ್ದವು. ಹೋಗಲಿಲ್ಲ. ಡಾಕ್ಟರೇ ಇಲ್ಲದೆ ಹೋಗಿ ಏನು ಮಾಡಲಿ ಅಂತ ನನಗೆ ನಾನೇ ಹೇಳಿಕೊಂಡೆ. ಸಾಹೇಬರು ನೆಲದ ಮೇಲೆ ತಪ್ಪು ಹೊರಿಸಿದ್ದಕ್ಕೆ ನಕ್ಕವಳ ನೆಪ ಇದು. ಆಮೇಲೆ ಹುಬ್ಬಳ್ಳಿಯ ಡ್ಯೂಟಿ, ಆಮೇಲೆ ತಂಗಿಯ ಮದುವೆ. ಮುಂಗಾರು ಬಿದ್ದು ಎರೆಹೊಲದಲ್ಲಿ ಹೆಸರು ಬಿತ್ತುವ ಹೊತ್ತಿಗೆ ನಿದ್ದೆ ಬಾರದ ಹಾಗಾಗಿ ಒಂದು ಭಾನುವಾರ ಹೋದೆ. ಆಕೆ ಕಟ್ಟೆಯ ಮೇಲೆ ತಲೆಗೆ ಬಿಗಿಯಾಗಿ ಅರಿವೆ ಸುತ್ತಿಕೊಂಡು ಕೂತಿದ್ದಳು. ಎರಡು ತಿಂಗಳ ಹಿಂದೆ ಕಣ್ಣು ನೋವು ಏರಿ ಎಂಟು ದಿನ ಒದ್ದಾಡಿದಳಂತೆ, ಆಮೇಲೆ ಬೆಳಕೂ ತಿಳಿಯಲಿಲ್ಲವಂತೆ. ಏನೂ ಕೇಳದೆ ನನ್ನ ಜೊತೆ ಹುಬ್ಬಳ್ಳಿಗೆ ಬಂದಳು.

ದೊಡ್ಡ ಡಾಕ್ಟರು ನೋಡಿ ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತೆವು.

"ಏನಂದ್ರು?"

ನಾನು ಹೇಳಿದೆ. "ಪೊರಿ ಒಳಗ ಒಡದೈತಿ ಯವ್ವಾ. ಕಣ್ಣಿನ ನರ ಸತ್ತೈತಿ. ಇನ್ನ ಕಾಣೂದಿಲ್ಲ, ಯಾವ ದವಾಖಾನಿಗೆ ಹೋದ್ರೂ ಕಾಣೂದಿಲ್ಲ. ಆವತ್ತ ಶುಕ್ರವಾರ ತಗದಿದ್ರ ಕಾಣತಿತ್ತು. ಗಾಳಿ ಅಂತ ಹೇಳಿ ನಿನ್ನ ಹೆದರಿಸಿದಾಕಿ ನಾನು. ಸಾಹೇಬ್ರು ಕೇಳಿದಾಗ ಬಾಯಿ ಬಿಡಲಿಲ್ಲ. ಆಮ್ಯಾಲ ನಿಮ್ಮೂರಿಗೆ ಲಗೂನ ಬರಬೇಕಿತ್ತು, ಬರಲಿಲ್ಲ."

ಆಕೆ ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿನಿಂದ ತೀಡುತ್ತ ಕೂತಳು. ನಾನು ಅಳುತ್ತಿದ್ದೆ. ಅದನ್ನು ಆಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಈಗ ತಿಳಿಯೂಹಂಗ ಹೇಳಿದ್ರಿ ನೋಡ್ರಿ ಬಾಯಾರ," ಅಂದಳು. ಆಮೇಲೆ ಎದ್ದು ನಿಂತು ಕೈ ಚಾಚಿದಳು. "ನಡೀರಿ, ನನ್ನ ಬಸ್ಸಿಗೆ ಹತ್ತಸ್ರಿ."